ತಲೆಯ ಹೊರೆಗೊಂದು ಸಿಂಬಿ



ಮಿರಗ ಹತ್ತಿರ ಬಂತೆಂದರೆ ನಮ್ಮ ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಭಾಗದ ಒಕ್ಕಲುತನದ ಮನೆಗಳಿಗೆ ಎಲ್ಲ ಕೆಲಸಗಳೂ ಒಮ್ಮೆಲೇ ಬಂದು ಬೀಳುತ್ತವೆ. ತೊಗರಿ, ಹೆಸರು, ಉದ್ದು, ಹತ್ತಿಯ ಬೀಜ ತರಬೇಕು. ಗೊಬ್ಬರಕ್ಕೆ ದುಡ್ಡು ಹೊಂದಿಸಬೇಕು. ಬ್ಯಾಂಕಿನ ಬೆಳೆ ಸಾಲ ಹೊಸದು ಮಾಡಿಸಬೇಕು. ಮಕ್ಕಳ ಶಾಲೆಯೂ ಅದೇ ತಿಂಗಳು ತೆರೆಯುತ್ತದೆ. ಇಷ್ಟರ ನಡುವೆ ಮನೆಯಲ್ಲಿ ಹಿರಿಯರಿಗೆ ಜ್ವರ ಬಂದರೆ, ಎತ್ತಿಗೆ ಕಾಲುನೋವು ಬಂದರೆ, ಮಳೆ ಹತ್ತು ದಿನ ಮುಂದೆ ಹೋದರೆ ಸಾಕು, "ತಲಿ ತುಂಬಿಹೋಗ್ಯಾದ, ಏನೂ ತಿಳೀವಲ್ದು" ಎಂದು ಗಂಡಸರು ಕಟ್ಟೆಯ ಮೇಲೆ ಕೂತುಬಿಡುತ್ತಾರೆ. ಹೆಂಗಸರಿಗೆ ಹಾಗೆ ಕೂಡುವುದಕ್ಕೂ ಪುರಸೊತ್ತಿಲ್ಲ.

ಹೀಗಾಗುವುದು ಸೋಮಾರಿತನದಿಂದಲ್ಲ. ಧೈರ್ಯ ಕಡಿಮೆಯೆಂದೂ ಅಲ್ಲ. ಬಹಳ ದಿನ ಬಹಳ ಭಾರ ಹೊತ್ತ ಯಾರಿಗಾದರೂ ಆಗುವಂಥದ್ದೇ ಇದು.

ಹೊಲದಿಂದ ಕಣಿಕೆಯ ಹೊರೆ ಹೊತ್ತು ಬರುವವರು ತಲೆಯ ಮೇಲೆ ಮೊದಲು ಸಿಂಬಿ ಇಟ್ಟುಕೊಳ್ಳುತ್ತಾರೆ. ಹಳೆಯ ಬಟ್ಟೆಯನ್ನು ಸುತ್ತಿ ಮಾಡಿದ ಸಿಂಬಿಯಿಂದ ಹೊರೆಯ ತೂಕ ಒಂದು ಗುಂಜಿಯಷ್ಟೂ ಇಳಿಯುವುದಿಲ್ಲ. ಆದರೂ ಭಾರ ಒಂದೇ ಜಾಗಕ್ಕೆ ಒತ್ತದೆ ಹರಡುತ್ತದೆ, ಹೊರೆ ಓಲಾಡುವುದಿಲ್ಲ, ಅರ್ಧ ಹರದಾರಿ ನಡೆದರೂ ಕತ್ತು ಮುರಿದಂತಾಗುವುದಿಲ್ಲ. ಕೆಳಗೆ ಹೇಳುವ ದಿನನಿತ್ಯದ ರೂಢಿಗಳೂ ಸಿಂಬಿಯಂಥವೇ. ಅವು ಸಾಲ ತೀರಿಸವು, ಮಳೆ ತರವು. ಆದರೆ ಇರುವ ಭಾರವನ್ನು ಬೀಳದೆ ಹೊರಲು ಸಹಾಯ ಮಾಡುತ್ತವೆ.

ಹೀಗೇಕಾಗುತ್ತದೆ?

ಕಳೆ ತೆಗೆಯುವಾಗ ಕಾಲ ಹತ್ತಿರ ಹಾವು ಕಂಡರೆ ಎದೆ ಡವಡವ ಹೊಡೆದುಕೊಳ್ಳುತ್ತದೆ, ಉಸಿರು ಜೋರಾಗುತ್ತದೆ, ಅಂಗೈ ಬೆವರುತ್ತದೆ. ಓಡಲು ಅಥವಾ ಎದುರಿಸಲು ದೇಹ ತಯಾರಾಗುವ ರೀತಿ ಇದು. ಹಾವು ಹೋದ ಮೇಲೆ ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ತಣ್ಣಗಾಗುತ್ತದೆ.

ಸಾಲ, ಬೆಳೆ, ಮಗಳ ಮದುವೆ ಎಂಬ ಚಿಂತೆಗಳು ಹಾವಿನಂತೆ ಪೊದೆಗೆ ಸರಿದು ಹೋಗುವುದಿಲ್ಲ. ಆದ್ದರಿಂದ ದೇಹವು ವಾರಗಟ್ಟಲೆ, ತಿಂಗಳುಗಟ್ಟಲೆ ತುದಿಗಾಲಲ್ಲಿ ನಿಂತಂತೆಯೇ ಇರುತ್ತದೆ. ಅದರ ಫಲವಾಗಿ ನಿದ್ದೆ ಬಾರದು, ಕತ್ತು ಮತ್ತು ಬೆನ್ನು ಬಿಗಿಯುತ್ತವೆ, ಎದೆ ಉರಿಯುತ್ತದೆ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ, ಇಟ್ಟ ವಸ್ತು ಎಲ್ಲಿಟ್ಟೆವೆಂಬುದೇ ಮರೆತುಹೋಗುತ್ತದೆ. ಒಂದೇ ಹೊತ್ತಿಗೆ ಮನಸ್ಸು ಹಿಡಿದಿಟ್ಟುಕೊಳ್ಳಬಲ್ಲ ವಿಷಯಗಳು ಕೆಲವೇ. ಉಳಿದವು ಗಾಣದ ಎತ್ತಿನಂತೆ ಸುತ್ತುತ್ತಲೇ ಇರುತ್ತವೆ.

ಒಂದು ಎಚ್ಚರಿಕೆ. ಎಲ್ಲ ಸುಸ್ತೂ ಚಿಂತೆಯದ್ದಲ್ಲ. ರಕ್ತಹೀನತೆ, ಸಕ್ಕರೆ ಕಾಯಿಲೆ, ಥೈರಾಯಿಡ್ ತೊಂದರೆ ಇದ್ದವರಿಗೂ ಹೀಗೆಯೇ ಮೈಕೈ ಸೋತು ಮನಸ್ಸು ಕುಗ್ಗುತ್ತದೆ. ಗರ್ಭಿಣಿಯರಲ್ಲದ ಹೆಂಗಸರಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಆಶಾ ಕಾರ್ಯಕರ್ತೆಯನ್ನು ಕೇಳಿ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ಬೆಳೆಗೆ ಔಷಧ ಹೊಡೆದ ದಿನ ತಲೆಸುತ್ತು, ವಾಂತಿ, ವಿಪರೀತ ಬೆವರು, ಬಾಯಲ್ಲಿ ಜೊಲ್ಲು, ಕಣ್ಣು ಮಂಜಾಗುವುದು ಕಂಡರೆ ಅದು ವಿಷ ಮೈಗೇರಿದ ಲಕ್ಷಣವಾಗಿರಬಹುದು. ಬಟ್ಟೆ ಬದಲಿಸಿ, ಸೋಪು ಹಚ್ಚಿ ಮೈ ತೊಳೆದು, ಔಷಧದ ಡಬ್ಬಿಯನ್ನೂ ಹಿಡಿದುಕೊಂಡು ತಕ್ಷಣ ಆಸ್ಪತ್ರೆಗೆ ಹೋಗಬೇಕು.

1. ತಲೆಯಲ್ಲಿರುವುದನ್ನು ಕಾಗದಕ್ಕೆ ಇಳಿಸಿ

ರಾತ್ರಿ ಊಟವಾದ ಮೇಲೆ ಐದು ನಿಮಿಷ ಕೂತು, ತಲೆಯಲ್ಲಿ ಸುತ್ತುವ ಕೆಲಸಗಳನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಬರೆಯಿರಿ. ಓದು ಬರಹ ಬಾರದವರು ಶಾಲೆಗೆ ಹೋಗುವ ಮಗನಿಂದಲೋ ಮಗಳಿಂದಲೋ ಬರೆಸಿ. ಹಾಳೆಯನ್ನು ಮೂರು ಭಾಗ ಮಾಡಿಕೊಳ್ಳಿ: ನಾಳೆ ಮಾಡುವುದು, ಈ ವಾರ ಮಾಡುವುದು, ನಮ್ಮ ಕೈಯಲ್ಲಿಲ್ಲದ್ದು.

ಬೀಜದ ಅಂಗಡಿಗೆ ಹೋಗುವುದು ನಾಳೆಯ ಕೆಲಸ. ಬ್ಯಾಂಕಿಗೆ ಪಾಸ್‌ಬುಕ್ಕಿನ ನಕಲು ಕೊಡುವುದು ಈ ವಾರದ ಕೆಲಸ. ಮಳೆ ಬರುವುದು, ತೊಗರಿಯ ದರ ಏರುವುದು ಮೂರನೆಯ ಭಾಗಕ್ಕೆ ಸೇರಿದ್ದು. ಹೀಗೆ ಬೇರ್ಪಡಿಸಿದಾಗ ನಮ್ಮಿಂದ ಆಗುವ ಕೆಲಸ ಎಷ್ಟು ಸ್ವಲ್ಪ ಎಂಬುದು ಕಣ್ಣಿಗೆ ಕಾಣುತ್ತದೆ. ನಾಳೆಯ ಭಾಗದಲ್ಲಿ ಮೂರಕ್ಕಿಂತ ಹೆಚ್ಚು ಕೆಲಸ ಬರೆಯಬೇಡಿ.

ಇದರಿಂದ ನಿದ್ದೆಗೂ ಲಾಭವಿದೆ. ಮಲಗುವ ಮುಂಚೆ ಐದು ನಿಮಿಷ ಮುಂದಿನ ಕೆಲಸಗಳ ಪಟ್ಟಿ ಬರೆದವರು, ಮುಗಿಸಿದ ಕೆಲಸಗಳ ಪಟ್ಟಿ ಬರೆದವರಿಗಿಂತ ಬೇಗ ನಿದ್ದೆ ಹೋದರೆಂದು 2018ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಹೇಳುತ್ತದೆ. ಕಾಗದ ನೆನಪಿಟ್ಟುಕೊಂಡರೆ ತಲೆ ನೆನಪಿಡಬೇಕಾಗಿಲ್ಲ.

2. ಸಾಲದ ಲೆಕ್ಕಕ್ಕೆ ಹೆದರಿ ಕಣ್ಣು ಮುಚ್ಚಬೇಡಿ

ಕತ್ತಲಲ್ಲಿ ಹಗ್ಗವೂ ಹಾವಾಗಿ ಕಾಣುತ್ತದೆ. ಎಷ್ಟು ಸಾಲವಿದೆಯೆಂದು ಕೂಡಿಸಿ ನೋಡದವರಿಗೆ ಅದು ಇದ್ದುದಕ್ಕಿಂತ ದೊಡ್ಡದಾಗಿ ಕಾಡುತ್ತದೆ. ತಿಂಗಳಿಗೊಮ್ಮೆ ಗಂಡ ಹೆಂಡತಿ ಇಬ್ಬರೂ ಕೂತು ಬರೆಯಬೇಕು: ಯಾರಿಗೆ, ಎಷ್ಟು, ಯಾವ ತಾರೀಖಿನಿಂದ, ಬಡ್ಡಿ ಎಷ್ಟು.

ಬಡ್ಡಿಯನ್ನು ವರ್ಷದ ಲೆಕ್ಕಕ್ಕೆ ತಿರುಗಿಸಿ ನೋಡುವುದನ್ನು ಮರೆಯಬಾರದು. ಖಾಸಗಿಯವರು "ನೂರಕ್ಕೆ ಮೂರು" ಎಂದಾಗ ಅದು ತಿಂಗಳಿಗೆ. ವರ್ಷಕ್ಕೆ ನೂರಕ್ಕೆ 36 ಆಯಿತು. 50,000 ರೂಪಾಯಿ ತಂದರೆ ವರ್ಷಕ್ಕೆ ಬಡ್ಡಿಯೇ 18,000. ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ 3 ಲಕ್ಷ ರೂಪಾಯಿವರೆಗಿನ ಬೆಳೆ ಸಾಲಕ್ಕೆ ಸರ್ಕಾರದ ನೆರವಿನಿಂದ ವರ್ಷಕ್ಕೆ ನೂರಕ್ಕೆ 7 ಬಡ್ಡಿ. ಹೇಳಿದ ಸಮಯಕ್ಕೆ ತೀರಿಸಿದರೆ ನೂರಕ್ಕೆ 4 ಮಾತ್ರ. ಅದೇ 50,000ಕ್ಕೆ ಬಡ್ಡಿ 2,000 ರೂಪಾಯಿ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆದರೆ ಯಾವ ಸಾಲವನ್ನು ಮೊದಲು ತೀರಿಸಬೇಕು, ಯಾವ ಕಾಗದಪತ್ರಕ್ಕಾಗಿ ಓಡಾಡಿದರೆ ಲಾಭ ಎಂಬುದು ತಾನೇ ತಿಳಿಯುತ್ತದೆ. ಪ್ರಕೃತಿ ವಿಕೋಪವೆಂದು ಘೋಷಣೆಯಾದ ಪ್ರದೇಶಗಳಲ್ಲಿ ಬ್ಯಾಂಕುಗಳು ಬೆಳೆ ಸಾಲ ತೀರಿಸುವ ಅವಧಿಯನ್ನು ಮುಂದೆ ಹಾಕಲು ಅವಕಾಶವಿದೆ. ಬೆಳೆ ಹೋದ ವರ್ಷ ಬ್ಯಾಂಕಿಗೆ ಮುಖ ತಪ್ಪಿಸದೆ ಹೋಗಿ ಕೇಳಬೇಕು.

3. ಒಂದು ಸಾಲು ಮುಗಿಸಿ ಇನ್ನೊಂದು ಹಿಡಿಯಿರಿ

ಕಳೆ ತೆಗೆಯುವವರು ಇಡೀ ಹೊಲವನ್ನು ನೋಡುತ್ತಾ ಕೂತರೆ ಕೈ ಏಳುವುದೇ ಇಲ್ಲ. ಒಂದು ಸಾಲು ಹಿಡಿದು ಹೊರಟರೆ ಹೊತ್ತು ಮುಳುಗುವುದರೊಳಗೆ ಹೊಲ ಸ್ವಚ್ಛವಾಗಿರುತ್ತದೆ. ಮನೆಯ ಕೆಲಸಗಳಿಗೂ ಇದೇ ಲೆಕ್ಕ. ಬೆಳಿಗ್ಗೆ ಎದ್ದಕೂಡಲೇ ಅರ್ಧ ಗಂಟೆಯಲ್ಲಿ ಮುಗಿಯುವ ಒಂದು ಕೆಲಸವನ್ನು ಮಾಡಿಬಿಡಿ. ಕೊಟ್ಟಿಗೆ ಕಸ ತೆಗೆಯುವುದಿರಲಿ, ಹರಿದ ಚೀಲ ಹೊಲಿಯುವುದಿರಲಿ. ಮುಗಿದುದನ್ನು ಹಾಳೆಯಲ್ಲಿ ಅಡ್ಡಗೆರೆ ಎಳೆದು ಹೊಡೆದುಹಾಕಿ.

ಮನಸ್ಸು ಸರಿಯಾದ ಮೇಲೆ ಕೆಲಸ ಮಾಡೋಣವೆಂದು ಕಾಯುವವರು ಬಹಳ. ನಿಜದಲ್ಲಿ ಕೈ ಮೊದಲು ಆಡಿದರೆ ಮನಸ್ಸು ಹಿಂದಿನಿಂದ ಬರುತ್ತದೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆಯಿಂದ ಬಳಲುವವರಿಗೆ ಇದೇ ದಾರಿಯಲ್ಲಿ ಸಹಾಯ ಮಾಡಲಾಯಿತು. ಸಹಾಯ ಮಾಡಿದವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ದಿನಕ್ಕೊಂದು ಸಣ್ಣ ಕೆಲಸ, ಯಾರೊಂದಿಗಾದರೂ ಭೇಟಿ, ಮೊದಲು ಇಷ್ಟವಾಗುತ್ತಿದ್ದುದನ್ನು ಮತ್ತೆ ಹಿಡಿಯುವುದು ಎಂಬುದನ್ನು ಆರರಿಂದ ಎಂಟು ಭೇಟಿಗಳಲ್ಲಿ ರೂಢಿ ಮಾಡಿಸಿದರು. ಇದರಿಂದ ಹೆಚ್ಚು ಜನ ಚೇತರಿಸಿಕೊಂಡರೆಂದು 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು.

4. ಉಸಿರನ್ನು ನಿಧಾನ ಮಾಡಿ

ಎದೆ ಹೊಡೆದುಕೊಳ್ಳುವುದನ್ನು ಮನಸ್ಸಿನಿಂದ ನಿಲ್ಲಿಸಲು ಆಗುವುದಿಲ್ಲ. ಉಸಿರನ್ನು ಮಾತ್ರ ನಾವು ಬೇಕೆಂದಾಗ ನಿಧಾನ ಮಾಡಬಹುದು. ಮೂಗಿನಿಂದ ಮನಸ್ಸಿನಲ್ಲೇ ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ ಎಳೆದು, ಆರು ಎಣಿಸುವಷ್ಟು ಹೊತ್ತು ಹೊರಗೆ ಬಿಡಿ. ಹೀಗೆ ಹತ್ತು ಸಲ. ಹೊರಗೆ ಬಿಡುವ ಉಸಿರು ಉದ್ದವಾದಷ್ಟೂ ಎದೆಬಡಿತ ಇಳಿಯುತ್ತದೆ.

ಬದುವಿನ ಮೇಲೆ ಕೂತಾಗ, ಬಸ್ಸಿಗೆ ಕಾಯುವಾಗ, ಸಿಟ್ಟು ಬಂದು ಮಗುವಿನ ಮೇಲೆ ಕೈ ಎತ್ತುವ ಮುಂಚೆ ಇದನ್ನು ಮಾಡಬಹುದು. ಇದಕ್ಕೆ ದುಡ್ಡಿಲ್ಲ, ಜಾಗ ಬೇಡ. ದಿನಾ ಬೆಳಿಗ್ಗೆ ರೂಢಿ ಮಾಡಿಕೊಂಡವರಿಗೆ ಕಷ್ಟದ ಹೊತ್ತಿನಲ್ಲಿ ಅದು ತಾನಾಗಿ ಒದಗುತ್ತದೆ.

5. ಊಟ, ನಿದ್ದೆ, ಚಹಾ, ಕಳ್ಳು

ಬಿತ್ತನೆಯ ದಿನಗಳಲ್ಲಿ ಹೆಂಗಸರು ಬರೀ ಚಹಾ ಕುಡಿದು ಮಧ್ಯಾಹ್ನದವರೆಗೆ ಕೆಲಸ ಮಾಡುತ್ತಾರೆ. ಖಾಲಿ ಹೊಟ್ಟೆಯಲ್ಲಿ ಕೈನಡುಕ, ಸಿಟ್ಟು, ತಲೆನೋವು ಹೆಚ್ಚು. ಒಂದು ಜೋಳದ ರೊಟ್ಟಿ, ಒಂದಿಷ್ಟು ಬೇಳೆ ಅಥವಾ ಪುಂಡಿಪಲ್ಯ ತಿಂದೇ ಹೊಲಕ್ಕೆ ಹೊರಡಬೇಕು. ಬಿಸಿಲಿನಲ್ಲಿ ಬಾಯಾರಿಕೆಗೆ ಕಾಯದೆ ನೀರು ಕುಡಿಯಬೇಕು.

ಚಹಾದ ಕಸುವು ಐದಾರು ಗಂಟೆಯಾದರೂ ರಕ್ತದಲ್ಲಿ ಅರ್ಧ ಉಳಿದಿರುತ್ತದೆ. ನಿದ್ದೆ ಬಾರದವರು ಮಧ್ಯಾಹ್ನ ಮೂರರ ಮೇಲೆ ಚಹಾ ಬಿಟ್ಟು ನೋಡಿ. ದೊಡ್ಡವರಿಗೆ ರಾತ್ರಿ ಏಳು ಗಂಟೆ ನಿದ್ದೆಯಾದರೂ ಬೇಕು. ಮಲಗಿ ಮೊಬೈಲು ನೋಡುವುದರಿಂದ ನಿದ್ದೆ ದೂರ ಹೋಗುತ್ತದೆ. ಅದನ್ನು ಹಾಸಿಗೆಯಿಂದ ದೂರ, ಗೂಡಿನಲ್ಲಿ ಇಡಿ.

ಚಿಂತೆ ಮರೆಯಲು ಕುಡಿಯುವವರಿಗೆ ಒಂದು ಮಾತು. ಕುಡಿತದಿಂದ ನಿದ್ದೆ ಬೇಗ ಹತ್ತುತ್ತದೆ, ಆದರೆ ನಡುರಾತ್ರಿಗೆ ಒಡೆಯುತ್ತದೆ, ಮರುದಿನ ಚಿಂತೆ ಇಮ್ಮಡಿಯಾಗುತ್ತದೆ. ತೆಲಂಗಾಣದ ಹಲವೆಡೆ ಕಳ್ಳಿಗೆ ಆಲ್ಪ್ರಜೋಲಂ, ಕ್ಲೋರಲ್ ಹೈಡ್ರೇಟಿನಂಥ ಮತ್ತು ಬರಿಸುವ ರಾಸಾಯನಿಕಗಳನ್ನು ಬೆರೆಸಿದ್ದು ಪತ್ತೆಯಾಗಿದೆ. ಅಂಥ ಕಳ್ಳಿಗೆ ಒಗ್ಗಿಹೋದವರು ಒಮ್ಮೆಲೇ ಬಿಟ್ಟರೆ ಕೈಕಾಲು ನಡುಗಿ, ನಿದ್ದೆಗೆಟ್ಟು, ಗೊಂದಲವಾಗಿ ಫಿಟ್ಸ್ ಕೂಡ ಬರಬಹುದು. ಬಹಳ ವರ್ಷ ದಿನಾ ಸಾರಾಯಿ ಕುಡಿದವರಿಗೂ ಇದೇ ಅಪಾಯವಿದೆ. ಬಿಡುವ ಮನಸ್ಸು ಮಾಡಿದ್ದು ಒಳ್ಳೆಯದು. ಆದರೆ ಮನೆಯಲ್ಲಿ ಕಟ್ಟಿಹಾಕಿ ಬಿಡಿಸಲು ಹೋಗದೆ ಡಾಕ್ಟರ ಸಲಹೆಯಿಂದ ಹಂತಹಂತವಾಗಿ ಬಿಡಿಸಬೇಕು.

6. ಮನೆಯ ಕೆಲಸ ಹಂಚಿಕೊಳ್ಳಿ

ನಮ್ಮ ಹೊಲಗಳಲ್ಲಿ ಬಿತ್ತನೆ, ಕಳೆ, ಕಟಾವು ಎಲ್ಲದರಲ್ಲೂ ಹೆಂಗಸರು ಸರಿಸಮ ದುಡಿಯುತ್ತಾರೆ. ಮನೆಗೆ ಬಂದ ಮೇಲೆ ಗಂಡಸರ ದಿನ ಮುಗಿಯುತ್ತದೆ, ಹೆಂಗಸರದ್ದು ಮತ್ತೊಮ್ಮೆ ಶುರುವಾಗುತ್ತದೆ. ನೀರು, ರೊಟ್ಟಿ, ಪಾತ್ರೆ, ದನ, ಮಗು, ಅತ್ತೆಯ ಔಷಧ. ಮನೆಯವಳಿಗೆ ಸಿಟ್ಟು ಜಾಸ್ತಿಯಾಗಿದೆ ಎಂದು ದೂರುವ ಮುಂಚೆ ಅವಳ ದಿನದ ಕೆಲಸಗಳನ್ನು ಎಣಿಸಿ ನೋಡಿ.

ಒಂದೇ ಒಂದು ಕೆಲಸವನ್ನು ಗಂಡಸರು ಕಾಯಂ ಆಗಿ ವಹಿಸಿಕೊಳ್ಳಲಿ. ನೀರು ತರುವುದಾಗಲಿ, ಸಂಜೆ ದನಗಳನ್ನು ನೋಡುವುದಾಗಲಿ. ಮಗ ತಟ್ಟೆ ತೊಳೆಯಲಿ. "ಹೇಳಿದರೆ ಮಾಡುತ್ತೇನೆ" ಎಂದರೆ ನೆನಪಿಡುವ ಭಾರ ಮತ್ತೆ ಅವಳ ತಲೆಯ ಮೇಲೆಯೇ ಉಳಿಯುತ್ತದೆ. ಹೇಳಿಸಿಕೊಳ್ಳದೆ ಮಾಡಿದಾಗಲೇ ಅದು ಇಳಿಯುವುದು. ಭಾನುವಾರದ ವಿಶ್ರಾಂತಿಯೂ ಮನೆಯ ಎಲ್ಲರಿಗೂ ಸೇರಿದ್ದು. ಹೊಲಕ್ಕೆ ಹೋಗದ ದಿನ ಅಡುಗೆಮನೆಗೂ ಸ್ವಲ್ಪ ಬಿಡುವು ಸಿಗುವಂತೆ ನೋಡಿಕೊಳ್ಳಿ.

7. ಒಬ್ಬರೇ ಹೊರಬೇಡಿ, ಒಂದೇ ಬೆಳೆಯ ಮೇಲೆ ಹೊರಿಸಬೇಡಿ

ಭಾರ ಹಂಚುವುದನ್ನು ಕಲಿಯಲು ದೂರ ಹೋಗಬೇಕಾಗಿಲ್ಲ. ಜಹೀರಾಬಾದ್ ಹತ್ತಿರದ ಪಸ್ತಾಪುರದಲ್ಲಿ 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳನ್ನು ನಮ್ಮಲ್ಲಿ ಅನೇಕರು ಬಲ್ಲಿರಿ. ಮೈಸೂರಿನಿಂದ ಬಂದು ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಪಿ.ವಿ. ಸತೀಶ್ ಅವರು 2023ರಲ್ಲಿ ತೀರಿಕೊಂಡರು. ಸಂಘದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಒಂದೆರಡು ಎಕರೆ ಬರಡು ಭೂಮಿಯ ದಲಿತ ಕುಟುಂಬದವರು. ಅವರು ಒಂದೇ ಹೊಲದಲ್ಲಿ ಜೋಳ, ಸಜ್ಜೆ, ನವಣೆ, ತೊಗರಿ, ಹೆಸರು, ಅಲಸಂದೆ, ಎಳ್ಳು ಎಂದು ಹತ್ತಾರು ಬಗೆ ಬಿತ್ತುತ್ತಾರೆ. ಬೀಜವನ್ನು ಮನೆಯಲ್ಲೇ ಕಾಪಿಡುತ್ತಾರೆ. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಮಡಿಲಿಗೆ ಬರುತ್ತದೆ. ನಮ್ಮ ಹಿರಿಯರ ಅಕ್ಕಡಿ ಸಾಲಿನ ಬುದ್ಧಿಯೂ ಇದೇ. ಆ ಸೊಸೈಟಿಗೆ 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು.

ಹತ್ತಿ, ಕಬ್ಬು, ಶುಂಠಿ ಬೆಳೆಯಬಾರದೆಂದು ಹೇಳುತ್ತಿಲ್ಲ. ಇಡೀ ವರ್ಷದ ಊಟವನ್ನೂ ಸಾಲವನ್ನೂ ಒಂದೇ ಬೆಳೆಯ ಹೆಗಲಿಗೆ ಹಾಕಿದಾಗ ಪ್ರತಿ ಮೋಡ ನೋಡಿದಾಗಲೂ ಎದೆ ಹೊಡೆದುಕೊಳ್ಳುತ್ತದೆ. ಒಂದು ಎಕರೆಯಲ್ಲಾದರೂ ಮನೆಯ ಊಟಕ್ಕೆ ಬೇಕಾದ ಜೋಳ, ಬೇಳೆ ಬಿತ್ತಿಕೊಂಡರೆ "ಏನಾದರೂ ಆಗಲಿ, ಕಾಳು ಮನೆಯಲ್ಲದ" ಎಂಬ ಧೈರ್ಯ ಇರುತ್ತದೆ. ಈ ಧೈರ್ಯವೂ ಆರೋಗ್ಯವೇ.

ಆ ಸಂಘಗಳಿಂದ ಕಲಿಯಬೇಕಾದ ಇನ್ನೊಂದು ಪಾಠ ಕೂಡಿ ಕೂತು ಮಾತಾಡುವುದು. ಕಷ್ಟವನ್ನು ಯಾರಿಗಾದರೂ ಒಬ್ಬರಿಗೆ ಹೇಳುವುದನ್ನು ವಾರದ ರೂಢಿಯಾಗಿಸಿಕೊಳ್ಳಿ. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಹತ್ತು ನಿಮಿಷ ನಿಂತರೂ ಸಾಕು. ಯಾರಾದರೂ ಸುಮ್ಮನಾಗಿದ್ದಾರೆಂದು ಕಂಡರೆ "ಯಾಕಣ್ಣಾ, ಮಾರಿ ಸಣ್ಣ ಮಾಡಿದಿ?" ಎಂದು ನೀವೇ ಕೇಳಿ. ಅವರು ಹೇಳುವಾಗ ಬುದ್ಧಿ ಹೇಳಲು ಅವಸರ ಬೇಡ, ಇತರರ ಕಷ್ಟದೊಂದಿಗೆ ಹೋಲಿಸುವುದೂ ಬೇಡ. ಪೂರ್ತಿ ಕೇಳಿಸಿಕೊಳ್ಳುವುದೇ ಅರ್ಧ ಔಷಧ.

ಡಾಕ್ಟರ ಬಳಿ ಯಾವಾಗ ಹೋಗಬೇಕು?

ಮೇಲಿನ ರೂಢಿಗಳಿಂದ ದಿನನಿತ್ಯದ ಭಾರ ಹಗುರಾಗುತ್ತದೆ. ಆದರೆ ಎರಡು ವಾರಕ್ಕಿಂತ ಹೆಚ್ಚು ದಿನ ಮನಸ್ಸು ಕುಗ್ಗಿಯೇ ಇದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಊಟ ನಿದ್ದೆ ಬಿಟ್ಟರೆ, "ನಾನಿದ್ದು ಏನು ಉಪಯೋಗ" ಎನ್ನುತ್ತಿದ್ದರೆ ಅದು ಕಾಯಿಲೆಯ ಲಕ್ಷಣ. ಹೆರಿಗೆಯಾದ ತಾಯಂದಿರಲ್ಲೂ ಇದು ಬರಬಹುದು. ದೃಷ್ಟಿ ತೆಗೆಸಿ, ದಾರ ಕಟ್ಟಿಸಿ ದಿನ ಕಳೆಯಬೇಡಿ. ಇದಕ್ಕೆ ಔಷಧವಿದೆ, ಮಾತಿನ ಚಿಕಿತ್ಸೆಯಿದೆ, ಗುಣವಾಗುತ್ತದೆ.

ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಡಬಹುದೆಂಬುದನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದರು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಜಹೀರಾಬಾದ್, ನಾರಾಯಣಖೇಡ್, ತಾಂಡೂರಿನ ಸರ್ಕಾರಿ ಆಸ್ಪತ್ರೆಗಳಿಗೆ ಹೋಗಿ ಕೇಳಿದರೆ ಮುಂದಿನ ದಾರಿ ತೋರಿಸುತ್ತಾರೆ.

ಮನೆಯಿಂದಲೇ ಮಾತಾಡಬೇಕೆಂದರೆ 14416ಕ್ಕೆ ಫೋನ್ ಮಾಡಿ. ಇದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸೇವೆ, 2022ರ ಅಕ್ಟೋಬರ್ 10ರಂದು ಆರಂಭವಾಯಿತು. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ನಮ್ಮ ತಾಲೂಕುಗಳು 1956ರ ನವೆಂಬರ್ 1ರವರೆಗೆ ಬೀದರ್, ಗುಲ್ಬರ್ಗಾ ಜಿಲ್ಲೆಗಳಲ್ಲಿದ್ದವು. ಗಡಿ ಬದಲಾದರೂ ನಮ್ಮ ಮನೆಗಳಲ್ಲಿ ಇಂದಿಗೂ ಕಷ್ಟಸುಖ ಕನ್ನಡದಲ್ಲೇ ಹೊರಬರುತ್ತದೆ. ಈ ಸೇವೆಯಲ್ಲಿ ತೆಲುಗೂ ಇದೆ, ಕನ್ನಡವೂ ಇದೆ. ನಿಮಗೆ ಮನಸ್ಸು ಬಿಚ್ಚಲು ಸುಲಭವಾದ ಭಾಷೆಯನ್ನು ಕೇಳಿ ಪಡೆಯಿರಿ.

ಔಷಧದ ಡಬ್ಬಿಗೆ ಬೀಗ

ಕೊನೆಯದಾಗಿ ಪ್ರತಿ ಒಕ್ಕಲುತನದ ಮನೆಗೂ ಸಂಬಂಧಿಸಿದ ಒಂದು ಮಾತು. ಬೆಳೆಗೆ ಹೊಡೆಯುವ ಔಷಧವನ್ನು ಮಲಗುವ ಕೋಣೆಯಲ್ಲಿ, ಅಟ್ಟದ ಮೇಲೆ, ಜೋಳದ ಚೀಲದ ಪಕ್ಕ ಇಡುವ ರೂಢಿ ಬಿಡಬೇಕು. ಬೇಕಾದಷ್ಟೇ ತನ್ನಿ, ಉಳಿದುದನ್ನು ಬೀಗ ಹಾಕುವ ಪೆಟ್ಟಿಗೆಯಲ್ಲಿ ಇಡಿ. ಮನೆಯಲ್ಲಿ ಯಾರಾದರೂ ಬಹಳ ನೊಂದಿದ್ದರೆ ಔಷಧವನ್ನು ಮನೆಯಿಂದಲೇ ಹೊರಗೆ, ನಂಬಿಕಸ್ಥರ ಬಳಿ ಇಡಿಸಿ. ತೀರಾ ಕಷ್ಟದ ಗಳಿಗೆ ಹಲವು ಸಲ ಸ್ವಲ್ಪ ಹೊತ್ತಿನದ್ದು. ಆ ಹೊತ್ತು ದಾಟಿದರೆ ಜೀವ ಉಳಿಯುತ್ತದೆ. ತಮಿಳುನಾಡಿನ ಕಾಟ್ಟುಮನ್ನಾರ್‌ಕೋಯಿಲ್ ಕಡೆಯ ಹಳ್ಳಿಗಳಲ್ಲಿ ಎಲ್ಲ ರೈತರೂ ತಮ್ಮ ಔಷಧವನ್ನು ಊರಿಗೆ ಒಂದೇ ಕಟ್ಟಡದಲ್ಲಿ, ಪ್ರತ್ಯೇಕ ಬೀಗದ ಪೆಟ್ಟಿಗೆಗಳಲ್ಲಿ ಇಡುವ ವ್ಯವಸ್ಥೆ ಮಾಡಿ ನೋಡಿದರು. ರೈತರು ಅದನ್ನು ಒಪ್ಪಿಕೊಂಡರೆಂದು 2013ರಲ್ಲಿ ವರದಿ ಬಂತು. ನಮ್ಮ ಊರುಗಳಲ್ಲೂ ನಾಲ್ಕು ಮನೆಯವರು ಕೂಡಿ ಇದನ್ನು ಮಾಡಬಹುದು.

ಯಾರಾದರೂ ಬದುಕೇ ಬೇಡವೆಂದು ಮಾತಾಡಿದರೆ ಅದನ್ನು ನಗೆಗೆ ತೆಗೆದುಕೊಳ್ಳಬೇಡಿ. ಹಾಗೆ ಅನಿಸುತ್ತಿದೆಯೇ ಎಂದು ನೇರವಾಗಿ ಕೇಳಿದರೆ ಆ ಯೋಚನೆ ಹೆಚ್ಚಾಗುವುದಿಲ್ಲ, ಎದೆಯ ಮಾತು ಹೊರಬರುತ್ತದೆ. ಅವರನ್ನು ಒಂಟಿಯಾಗಿ ಬಿಡದೆ ಜೊತೆಗಿದ್ದು 14416ಕ್ಕೆ ಫೋನ್ ಮಾಡಿಸಿ. ಅಪಾಯವಾಗಿದ್ದರೆ 108 ಆಂಬುಲೆನ್ಸ್ ಕರೆಯಿರಿ.

ಮೇಲೆ ಹೇಳಿದ ಏಳು ರೂಢಿಗಳನ್ನೂ ನಾಳೆಯಿಂದಲೇ ಹಿಡಿಯಲು ಹೋದರೆ ಅದೇ ಇನ್ನೊಂದು ಹೊರೆಯಾದೀತು. ಔಷಧಕ್ಕೆ ಬೀಗ ಇವತ್ತೇ ಹಾಕಿ. ಉಳಿದವುಗಳಲ್ಲಿ ನಿಮ್ಮ ಮನೆಗೆ ಸುಲಭವಾದ ಒಂದನ್ನು ಆರಿಸಿ, ಹದಿನೈದು ದಿನ ತಪ್ಪದೆ ಮಾಡಿ. ಅದು ಕೈಗೆ ಹತ್ತಿದ ಮೇಲೆ ಎರಡನೆಯದನ್ನು ಸೇರಿಸಿ.